ದಿನವೂ ಒಯ್ಯುವ ಊಟದ ಡಬ್ಬಿ, ದಿನವೂ ಹಿಡಿಯುವ ರೇಜರ್: ಯಾವುದನ್ನು ಕೊಳ್ಳುವುದು ಒಳ್ಳೆಯದು?

ಹೊಳೆನರಸೀಪುರದ ಹುಡುಗ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳಿನಿಂದ ಪೀಣ್ಯದ ಒಂದು ಕಾರ್ಖಾನೆಯ ಬಣ್ಣ ಹೊಡೆಯುವ ವಿಭಾಗದಲ್ಲಿ ಕೆಲಸಕ್ಕೆ ಸೇರುತ್ತಿದ್ದೇನೆ. ಜಯನಗರದಲ್ಲಿರುವ ಅಕ್ಕನ ಮನೆಯಲ್ಲಿ ಉಳಿದುಕೊಂಡು, ಬೆಳಗ್ಗೆ ಆರೂವರೆಗೆಲ್ಲ ಮನೆ ಬಿಟ್ಟು ಮೆಟ್ರೊದಲ್ಲಿ ಹೋಗಬೇಕು. ಊಟದ ಬಿಡುವು ಸಿಗುವುದು ಮಧ್ಯಾಹ್ನ ಒಂದು ಗಂಟೆಗೆ. ಅಲ್ಲಿ ಊಟ ಬಿಸಿ ಮಾಡಿಕೊಳ್ಳಲು ಓವನ್ ಇಲ್ಲವೆಂದು ಹೇಳಿದ್ದಾರೆ. ಅಕ್ಕ ಅನ್ನ, ಸಾರು, ಪಲ್ಯ ಕಟ್ಟಿಕೊಡುತ್ತಾಳೆ, ಕೆಲವು ದಿನ ಚಪಾತಿ ಅಥವಾ ಮೊಸರನ್ನ ಇರುತ್ತದೆ. ಸಾರು ಚೆಲ್ಲದಂತಹ, ಊಟ ಕೆಡದಂತಹ ಡಬ್ಬಿ ಯಾವುದು ಎಂಬುದು ನನ್ನ ಮೊದಲನೆಯ ಪ್ರಶ್ನೆ.

ಎರಡನೆಯದು ಕ್ಷೌರದ ವಿಚಾರ. ಅಲ್ಲಿ ಮುಖಕ್ಕೆ ಒತ್ತಿ ಕೂರುವ ಮಾಸ್ಕ್ ಹಾಕಬೇಕಾದ್ದರಿಂದ ದಿನವೂ ಗಡ್ಡ ಬೋಳಿಸಿಕೊಂಡೇ ಬರಬೇಕು ಎಂಬ ನಿಯಮವಿದೆ. ನನ್ನ ಗಡ್ಡದ ಕೂದಲು ಗುಂಗುರು. ಐದು ಅಲಗುಗಳ ರೇಜರ್ ಬಳಸಿದ ಮಾರನೆಯ ದಿನವೇ ಕುತ್ತಿಗೆಯ ಮೇಲೆ ಉರಿಯುವ ಗುಳ್ಳೆಗಳು ಏಳುತ್ತವೆ. ಡಬ್ಬಿ, ನೀರಿನ ಬಾಟಲಿ, ಕ್ಷೌರದ ಸಾಮಾನು ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮುಗಿಸಬೇಕೆಂದಿದ್ದೇನೆ. ಬಳಸಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಪೇಟೆಬೀದಿ ಪಾತ್ರೆ ಅಂಗಡಿ

ತಮ್ಮಾ, ನಾನು ತುಮಕೂರಿನಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿದ್ದೇನೆ, ಆದ್ದರಿಂದ ಡಬ್ಬಿಯ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹೊರಗಿನಿಂದ ನೋಡಿದರೆ ಎಲ್ಲ ಸ್ಟೀಲೂ ಒಂದೇ ರೀತಿ ಹೊಳೆಯುತ್ತದೆ. 304 ಎಂದು ಕರೆಯುವ ಸ್ಟೀಲಿನಲ್ಲಿ ಸುಮಾರು ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. 202 ಎಂಬ ಅಗ್ಗದ ಸ್ಟೀಲಿನಲ್ಲಿ ನಿಕ್ಕಲ್ ಕಡಿಮೆ ಮಾಡಿ ಅದರ ಜಾಗಕ್ಕೆ ಮ್ಯಾಂಗನೀಸ್ ಹಾಕಿರುತ್ತಾರೆ. ಹುಣಸೆಹಣ್ಣಿನ ಸಾರು, ನಿಂಬೆಹಣ್ಣಿನ ಚಿತ್ರಾನ್ನ, ಉಪ್ಪಿನಕಾಯಿ ಇವೆಲ್ಲ ದಿನವೂ ಬೀಳುವ ಡಬ್ಬಿಗೆ 304 ಬಹುಕಾಲ ಬಾಳಿಕೆ ಬರುತ್ತದೆ. 202ರಲ್ಲಿ ಉಪ್ಪು ಹುಳಿ ನಿಂತ ಕಡೆ ಸಣ್ಣ ಸಣ್ಣ ಕಂದು ಚುಕ್ಕೆಗಳು ಬೇಗ ಕಾಣಿಸುತ್ತವೆ. ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯವೆಂದು ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿದೆ, ಆದ್ದರಿಂದ ಕೊಳ್ಳುವಾಗ ಆ ಗುರುತನ್ನೂ ಅದರ ಜೊತೆಗಿರುವ ಐಎಸ್ 14756 ಎಂಬ ಸಂಖ್ಯೆಯನ್ನೂ ನೋಡಿ.

ಗಿರಾಕಿಗಳು ಸಾಮಾನ್ಯವಾಗಿ ನೋಡದೆ ಬಿಡುವ ಎರಡು ಜಾಗಗಳಿವೆ. ಒಂದು, ಡಬ್ಬಿಯ ಬಾಯಿಯ ಅಂಚು. ತೆಳು ತಗಡಿನ ಡಬ್ಬಿಯಲ್ಲಿ ಅಂಚನ್ನು ಹೊರಕ್ಕೆ ಸುರುಳಿ ಸುತ್ತಿರುತ್ತಾರೆ, ಆ ಸುರುಳಿ ಪೂರ್ತಿ ಮುಚ್ಚಿಕೊಂಡಿರದಿದ್ದರೆ ತೊಳೆದ ನೀರು ಅದರೊಳಗೆ ನಿಲ್ಲುತ್ತದೆ. ಒಣಗಿದೆ ಎಂದುಕೊಂಡು ಮಾರನೆಯ ಬೆಳಗ್ಗೆ ಡಬ್ಬಿಯನ್ನು ಓರೆ ಮಾಡಿದರೆ ಕೊಳಕು ನೀರು ತೊಟ್ಟಿಕ್ಕುತ್ತದೆ, ಡಬ್ಬಿಯ ಕಮಟು ವಾಸನೆಗೆ ಎಷ್ಟೋ ಸಲ ಅದೇ ಮೂಲ. ಇನ್ನೊಂದು, ಕೊಕ್ಕೆ ಕೂರುವ ಜಾಗ. ಡಬ್ಬಿ ಹಾಳಾಗುವುದಕ್ಕಿಂತ ಎಷ್ಟೋ ಮೊದಲು ಕೊಕ್ಕೆ ಕೈಕೊಡುತ್ತದೆ. ಅಂಗಡಿಯಲ್ಲಿಯೇ ಕೊಕ್ಕೆಯನ್ನು ನಾಲ್ಕಾರು ಸಲ ಹಾಕಿ ತೆಗೆದು, ಅದು ಅಲುಗಾಡುತ್ತದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ನೀರು ತುಂಬಿಸಿ ತಲೆಕೆಳಗು ಮಾಡಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ನನ್ನ ಅಂಗಡಿಯಲ್ಲಿ ಕೇಳಿದವರಿಗೆಲ್ಲ ತೋರಿಸುತ್ತೇನೆ.

ಗಣಿತದ ಮೇಷ್ಟ್ರು

ಅಷ್ಟೆಲ್ಲ ಕಷ್ಟವೇ ಬೇಕಾಗಿಲ್ಲ. ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ, ಅಂಟದಿದ್ದರೆ 304, ಅಂಟಿದರೆ ಕಳಪೆ.

ಲೇತ್ ಮೆಷಿನ್

ಮೇಷ್ಟ್ರೇ, ಕ್ಷಮಿಸಿ, ಅದು ಅರ್ಧ ಮಾತ್ರ ಸರಿ. 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹಾಗಾಗಿ 304 ಮತ್ತು 202ರ ನಡುವಿನ ವ್ಯತ್ಯಾಸವನ್ನು ಆ ಪರೀಕ್ಷೆ ಹೇಳಲಾರದು. ಇನ್ನೊಂದು ಕಡೆ, ಅಸಲಿ 304 ತಗಡನ್ನೇ ಒತ್ತಿ ಬಗ್ಗಿಸಿ ಡಬ್ಬಿ ಮಾಡಿದಾಗ ಮೂಲೆಗಳಲ್ಲಿ ಸ್ವಲ್ಪ ಕಾಂತಗುಣ ಬರುತ್ತದೆ, ಅಲ್ಲಿ ಅಂಟಿತೆಂದು ಒಳ್ಳೆಯ ಡಬ್ಬಿಯನ್ನು ಬಿಟ್ಟು ಬರುವವರಿದ್ದಾರೆ. ಪೂರ್ತಿ ಅಂಟುವ 430 ಎಂಬ ಸ್ಟೀಲಿನಲ್ಲಿ ನಿಕ್ಕಲ್ ಇರುವುದಿಲ್ಲ ಅಷ್ಟೇ, ಅದು ವಿಷವೇನಲ್ಲ, ಅಡುಗೆ ಸಾಮಾನುಗಳಲ್ಲಿ ಬಳಕೆಯಲ್ಲಿಯೇ ಇದೆ. ತಳದಲ್ಲಿ ಒತ್ತಿರುವ ಗುರುತು ಮತ್ತು ಬಿಲ್ಲಿನಲ್ಲಿ ಬರೆಸಿಕೊಂಡ ಸಂಖ್ಯೆ, ಈ ಎರಡನ್ನು ನಂಬುವುದೇ ಮೇಲು.

ಗಣಿತದ ಮೇಷ್ಟ್ರು

ತಿಳಿಸಿದ್ದಕ್ಕೆ ಧನ್ಯವಾದಗಳು. 202 ಅಂಟುವುದಿಲ್ಲ ಎಂಬುದು ನನಗೆ ಹೊಸ ವಿಷಯ.

ನಾಲ್ಕನೇ ಬ್ಲಾಕ್ ಶೈಲಜಾ

ಸ್ಟೀಲಿನ ಸಂಖ್ಯೆಗಿಂತ ಮೊದಲು ಬಿಸಿಯ ವಿಚಾರ ನೋಡಬೇಕಲ್ಲವೇ? ಮನೆ ಬಿಡುವುದು ಆರೂವರೆಗೆ, ಊಟ ಒಂದು ಗಂಟೆಗೆ ಎಂದರೆ ಆರೂವರೆ ತಾಸು ಆಯಿತು. ತಣ್ಣಗಾದ ಅನ್ನ ಸಾರು ತಿಂದು ದುಡಿಯುವ ಹುಡುಗನಿಗೆ ಏನು ತೃಪ್ತಿ? ಎರಡು ಗೋಡೆಗಳ ನಡುವೆ ಗಾಳಿ ತೆಗೆದಿರುವ ಬಿಸಿ ಡಬ್ಬಿಯನ್ನೇ ಕೊಳ್ಳಲಿ. ನಮ್ಮ ಮನೆಯವರು ವರ್ಷಗಳಿಂದ ಅದನ್ನೇ ಒಯ್ಯುತ್ತಿದ್ದಾರೆ.

ಮೈಸೂರಿನ ಆಹಾರ ವಿದ್ಯಾರ್ಥಿನಿ

ಶೈಲಜಾ ಮೇಡಂ ಹೇಳಿದ ಬಿಸಿ ಡಬ್ಬಿ ಒಳ್ಳೆಯದೇ, ಆದರೆ ಅದನ್ನು ಬಳಸುವ ಕ್ರಮ ತಪ್ಪಿದರೆ ಮಾಮೂಲಿ ಡಬ್ಬಿಗಿಂತಲೂ ಹೆಚ್ಚು ಅಪಾಯಕಾರಿ ಎಂಬುದನ್ನು ಇಲ್ಲಿ ಹೇಳಲೇಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ, ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರುವವರೆಗೆ ಅವು ಬೆಳೆಯಲಾರವು. ಅದಕ್ಕಿಂತ ಕೆಳಗಿಳಿದು ಉಗುರುಬೆಚ್ಚಗೆ ಗಂಟೆಗಟ್ಟಲೆ ನಿಂತಾಗ ಬೀಜಾಣುಗಳು ಮೊಳೆತು ವಿಷ ಉತ್ಪತ್ತಿ ಮಾಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬಿಸಿ ಡಬ್ಬಿಗೆ ಆರಿದ ಅನ್ನ ತುಂಬಿಸಿದರೆ ಅದು ಆ ಉಗುರುಬೆಚ್ಚನ್ನೇ ಮಧ್ಯಾಹ್ನದವರೆಗೆ ಕಾಪಾಡುತ್ತದೆ.

ಆದ್ದರಿಂದ ಬಿಸಿ ಡಬ್ಬಿಯನ್ನೇ ಒಯ್ಯುವುದಾದರೆ ಅದಕ್ಕೆ ಮೊದಲು ಕುದಿಯುವ ನೀರು ಹಾಕಿ ಮುಚ್ಚಿ ಐದು ಹತ್ತು ನಿಮಿಷ ಬಿಟ್ಟು ಚೆಲ್ಲಿ, ಒಲೆಯಿಂದ ಇಳಿಸಿದ ಅನ್ನವನ್ನೂ ಕುದಿಯುತ್ತಿರುವ ಸಾರನ್ನೂ ಕಂಠದವರೆಗೆ ತುಂಬಿ, ಮಧ್ಯೆ ಒಮ್ಮೆಯೂ ತೆಗೆಯದೆ ಊಟಕ್ಕೇ ತೆಗೆಯಬೇಕು. ಅರ್ಧ ತುಂಬಿದ ಡಬ್ಬಿ ಬೇಗ ಆರುತ್ತದೆ, ಅಗಲ ಬಾಯಿಯ ಡಬ್ಬಿಯೂ ಅಷ್ಟೇ. ತಂಗಿಯೋ ಅಕ್ಕನೋ ಬೆಳಗಿನ ಗಡಿಬಿಡಿಯಲ್ಲಿ ಇಷ್ಟೆಲ್ಲವನ್ನು ದಿನವೂ ಮಾಡಲು ಸಾಧ್ಯವೇ ಎಂದು ಯೋಚಿಸಿ. ಸಾಧ್ಯವಿಲ್ಲದಿದ್ದರೆ ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಒಂದೇ ಗೋಡೆಯ ಸ್ಟೀಲ್ ಡಬ್ಬಿಗೆ ಹಾಕಿ. ಚಿತ್ರಾನ್ನ, ಪುಳಿಯೋಗರೆಗಳು ಪ್ರಯಾಣದ ಊಟವಾಗಿ ನಿಂತಿರುವುದಕ್ಕೆ ಅವುಗಳಲ್ಲಿನ ಹುಳಿಯೂ ಒಂದು ಕಾರಣ.

ನಾಲ್ಕನೇ ಬ್ಲಾಕ್ ಶೈಲಜಾ

ಕುದಿಯುವ ನೀರು ಹಾಕಿಡುವುದನ್ನು ನಾನು ಮಾಡುತ್ತೇನೆ, ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡು ಬರೆದಿರಲಿಲ್ಲ. ಆದರೂ ಒಂದು ಮಾತು. ಸಾರನ್ನು ಮಾತ್ರ ಸಣ್ಣ ಬಿಸಿ ಫ್ಲಾಸ್ಕಿನಲ್ಲಿಟ್ಟು, ಆರಿಸಿದ ಅನ್ನವನ್ನು ಮಾಮೂಲಿ ಡಬ್ಬಿಯಲ್ಲಿಟ್ಟರೆ ಎರಡೂ ಕೆಲಸ ಆಗುತ್ತದೆ. ಬಿಸಿ ಸಾರು ಬಿದ್ದರೆ ಅನ್ನವೂ ಬೆಚ್ಚಗಾಗುತ್ತದೆ.

ಮೈಸೂರಿನ ಆಹಾರ ವಿದ್ಯಾರ್ಥಿನಿ

ಅದು ನಿಜವಾಗಿಯೂ ಒಳ್ಳೆಯ ಉಪಾಯ ಮೇಡಂ. ಕಿರಿದಾದ ಬಾಯಿಯ ಫ್ಲಾಸ್ಕಿನಲ್ಲಿ ತೆಳು ಸಾರು ಬಹಳ ಹೊತ್ತು ಬಿಸಿಯಾಗಿರುತ್ತದೆ. ಆದರೆ ಅದರ ಮುಚ್ಚಳವನ್ನು ಬಿಡಿಸಿ ತೊಳೆಯಲು ಬರುವಂತಿರಬೇಕು.

ಬಸವನಗುಡಿ ಪದ್ಮಮ್ಮ

ಮೊಸರನ್ನದ ಬಗ್ಗೆ ಯಾರೂ ಹೇಳಲಿಲ್ಲ. ಬೆಳಗ್ಗೆಯೇ ಮೊಸರು ಕಲೆಸಿದರೆ ಒಂದು ಗಂಟೆಗೆ ಹುಳಿ ಏರಿ ಬಾಯಿಗಿಡಲು ಆಗುವುದಿಲ್ಲ. ಅನ್ನವನ್ನು ಚೆನ್ನಾಗಿ ಕಿವುಚಿ, ಕಾಸಿ ಆರಿಸಿದ ಹಾಲು ಧಾರಾಳವಾಗಿ ಹಾಕಿ, ಒಂದೇ ಚಮಚ ಮೊಸರು ಬೆರೆಸಿ, ಉಪ್ಪು ಒಗ್ಗರಣೆ ಕೊಟ್ಟು ಡಬ್ಬಿಗೆ ಹಾಕಬೇಕು. ಊಟದ ಹೊತ್ತಿಗೆ ಹಾಲು ಹೆಪ್ಪುಗಟ್ಟಿ ಹದವಾದ ಮೊಸರನ್ನವಾಗಿರುತ್ತದೆ. ಇದನ್ನು ಮಾತ್ರ ಬಿಸಿ ಡಬ್ಬಿಗೆ ಹಾಕಲೇಬಾರದು, ಬೆಚ್ಚಗಿದ್ದರೆ ಹನ್ನೊಂದು ಗಂಟೆಗೇ ಹುಳಿಯಾಗುತ್ತದೆ. ಡಬ್ಬಿಯನ್ನು ಅಂಚಿನವರೆಗೆ ತುಂಬದೆ ಒಂದು ಬೆರಳಷ್ಟು ಜಾಗ ಬಿಡಲು ನಿಮ್ಮ ಅಕ್ಕನಿಗೆ ಹೇಳಪ್ಪ.

ಧಾರವಾಡದ ಬುತ್ತಿ

ಬೆಂಗಳೂರಿನವರ ಡಬ್ಬಿಗಳೆಲ್ಲ ಅನ್ನಕ್ಕಾಗಿಯೇ ಮಾಡಿದಂತಿವೆ. ನಮ್ಮ ಕಡೆಯವರು ಕೊಳ್ಳುವಾಗ ಅಗಲವನ್ನು ಮೊದಲು ನೋಡಬೇಕಾಗುತ್ತದೆ. ಜೋಳದ ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ತುರುಕಿದರೆ ಮಡಿಕೆಯಲ್ಲಿ ಬಿರಿದು ಪುಡಿಯಾಗುತ್ತದೆ, ಬಿಸಿಯಾಗಿರುವಾಗಲೇ ಮುಚ್ಚಿದರೆ ಬೆವರಿ ಒದ್ದೆಯಾಗುತ್ತದೆ. ನಾನು ರೊಟ್ಟಿಯನ್ನು ತೆಳುವಾದ ಹತ್ತಿಬಟ್ಟೆಯಲ್ಲಿ ಸುತ್ತಿ ಅಗಲವಾದ ಚಪ್ಪಟೆ ಡಬ್ಬಿಯಲ್ಲಿಡುತ್ತೇನೆ, ಎಣ್ಣೆಗಾಯಿಗೆ ಬೇರೆ ಸಣ್ಣ ಡಬ್ಬಿ, ಶೇಂಗಾ ಚಟ್ನಿಪುಡಿಗೆ ಇನ್ನೊಂದು. ತಮ್ಮಾ, ನಿಮ್ಮ ಅಕ್ಕ ಚಪಾತಿ ಕಟ್ಟುವ ದಿನಗಳಿಗೂ ಈ ಬಟ್ಟೆಯ ಕ್ರಮ ಅನುಕೂಲವಾಗುತ್ತದೆ. ಬೆವರನ್ನು ಬಟ್ಟೆ ಹೀರಿಕೊಳ್ಳುತ್ತದೆ. ಖಡಕ್ ರೊಟ್ಟಿಯಾದರೆ ಯಾವ ಚಿಂತೆಯೂ ಇಲ್ಲ, ಅದು ಬಟ್ಟೆಯ ಗಂಟಿನಲ್ಲಿಯೇ ದಿನಗಟ್ಟಲೆ ಇರುತ್ತದೆ.

ಹಸಿರು ಮಾರ್ಗ

ನಾನು ಅದೇ ಮೆಟ್ರೊ ಮಾರ್ಗದಲ್ಲಿ ದಿನವೂ ಓಡಾಡುತ್ತೇನೆ. ನಿಲ್ದಾಣದ ತಪಾಸಣೆಯ ಯಂತ್ರದಲ್ಲಿ ಚೀಲವನ್ನು ಬೆಲ್ಟಿನ ಮೇಲೆ ಮಲಗಿಸಿಯೇ ಕಳುಹಿಸಬೇಕು. ನಿಂತಾಗ ಸೋರದ ಡಬ್ಬಿ ಅಲ್ಲಿ ಮಲಗಿದಾಗ ಸೋರುತ್ತದೆ. ಹಿಂದಿನ ಚೀಲ ಬಂದು ಒತ್ತಿದಾಗ ಕೊಕ್ಕೆ ಸಡಿಲವಾಗುವುದನ್ನೂ ನೋಡಿದ್ದೇನೆ. ಹಾಗಾಗಿ ಹಳೆಯ ಮೂರು ಅಂತಸ್ತಿನ ಕ್ಯಾರಿಯರ್ ನಿಮಗೆ ಸರಿಹೋಗುವುದಿಲ್ಲ. ಅದು ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು ಹೋಗುವವರಿಗಾಗಿ ಇರುವ ವಸ್ತು. ಪ್ರತಿ ಡಬ್ಬಿಗೂ ಅದರದೇ ಮುಚ್ಚಳ, ಮುಚ್ಚಳದಲ್ಲಿ ರಬ್ಬರ್ ಇರುವುದನ್ನು ಕೊಳ್ಳಿ.

ಪೇಟೆಬೀದಿ ಪಾತ್ರೆ ಅಂಗಡಿ

ಈ ಮಾತು ಸರಿ. ಕ್ಯಾರಿಯರಿನಲ್ಲಿ ಮೇಲಿನ ಡಬ್ಬಿಯ ತಳವೇ ಕೆಳಗಿನದಕ್ಕೆ ಮುಚ್ಚಳ, ಅದನ್ನು ಮಲಗಿಸಿದರೆ ಸಾರು ನಿಲ್ಲುವುದಿಲ್ಲ.

ಗಾಜಿನ ಮನೆ

ಗಾಜಿನ ಡಬ್ಬಿಯನ್ನು ಯಾರೂ ಹೆಸರಿಸಲಿಲ್ಲವಲ್ಲ? ಬೋರೋಸಿಲಿಕೇಟ್ ಗಾಜು ಬಿಸಿ ತಂಪಿಗೆ ಸಾಮಾನ್ಯ ಗಾಜಿನಷ್ಟು ಹಿಗ್ಗಿ ಕುಗ್ಗುವುದಿಲ್ಲವಾದ್ದರಿಂದ ಥಟ್ಟನೆ ಸೀಳುವುದಿಲ್ಲ, ಹುಳಿಯೂ ಅದನ್ನು ಏನೂ ಮಾಡುವುದಿಲ್ಲ, ಅರಿಸಿನದ ಕಲೆಯೂ ನಿಲ್ಲುವುದಿಲ್ಲ. ನನ್ನ ಕಚೇರಿಯಲ್ಲಿ ಓವನ್ ಇರುವುದರಿಂದ ಅದರಲ್ಲೇ ಬಿಸಿ ಮಾಡಿ ಅದರಲ್ಲೇ ಉಣ್ಣುತ್ತೇನೆ.

ಲೇತ್ ಮೆಷಿನ್

ಓವನ್ ಇರುವವರಿಗೆ ಗಾಜು ಸರಿ. ಅವರ ಕಾರ್ಖಾನೆಯಲ್ಲಿ ಓವನ್ ಇಲ್ಲ, ಊಟದ ಡಬ್ಬಿ ಇಡುವುದು ಕಬ್ಬಿಣದ ಬೀರುವಿನಲ್ಲಿ, ಉಣ್ಣುವುದು ಸಿಮೆಂಟಿನ ಕಟ್ಟೆಯ ಮೇಲೆ ಇರಬಹುದು. ತೂಕವೂ ಹೆಚ್ಚು, ಬಿದ್ದರೆ ಆ ದಿನದ ಊಟವೂ ಹೋಯಿತು. ಅಂತಹ ಜಾಗಕ್ಕೆ ಗಾಜನ್ನು ಸೂಚಿಸುವುದು ಸರಿಯಲ್ಲ.

ಹೊಸ ಗೃಹಿಣಿ

ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಸಾರು ಹಾಕಬಹುದೇ? ಅರಿಸಿನದ ಹಳದಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.

ಮೈಸೂರಿನ ಆಹಾರ ವಿದ್ಯಾರ್ಥಿನಿ

ತಳದಲ್ಲಿ ತ್ರಿಕೋನದೊಳಗೆ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್, ಸಾಮಾನ್ಯವಾಗಿ ಬಿಸಿ ತಡೆಯುವ ಡಬ್ಬಿಗಳನ್ನು ಅದರಿಂದಲೇ ಮಾಡುತ್ತಾರೆ. 1 ಎಂದಿರುವ ನೀರಿನ ಬಾಟಲಿಯಂತಹವುಗಳಿಗೆ ಬಿಸಿ ಪದಾರ್ಥ ಹಾಕಬೇಡಿ. ಬಿಸಿ ಎಣ್ಣೆ ಒಗ್ಗರಣೆ ನೇರವಾಗಿ ಪ್ಲಾಸ್ಟಿಕ್ಕಿಗೆ ಬೀಳದಂತೆ ನೋಡಿಕೊಳ್ಳಿ. ಅರಿಸಿನದ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ; ಎಣ್ಣೆಯ ಜೊತೆಗೇ ಪ್ಲಾಸ್ಟಿಕ್ಕಿನೊಳಗೆ ಸೇರಿಕೊಳ್ಳುತ್ತದೆ. ಡಬ್ಬಿಯನ್ನು ತೊಳೆದು ಬಿಸಿಲಿನಲ್ಲಿಡಿ, ಬೆಳಕಿಗೆ ಆ ಬಣ್ಣ ತಾನಾಗಿಯೇ ಮಾಸುತ್ತದೆ. ಗೀರು ಬಿದ್ದ ಡಬ್ಬಿಯನ್ನು ಊಟಕ್ಕೆ ಇಟ್ಟುಕೊಳ್ಳಬೇಡಿ.

ತಾಮ್ರದ ತಂಬಿಗೆ

ನೀರಿಗೆ ತಾಮ್ರದ ಬಾಟಲಿ ಕೊಳ್ಳಿ, ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾರೆ.

ಹಸಿರು ಮಾರ್ಗ

ತಾಮ್ರದ ಬಾಟಲಿಗೆ ನೀರನ್ನಲ್ಲದೆ ಬೇರೇನನ್ನೂ ಹಾಕಬಾರದು ಎಂಬುದನ್ನೂ ಜೊತೆಗೇ ಹೇಳಿ. ನಿಂಬೆ ಪಾನಕ, ಮಜ್ಜಿಗೆಯ ಹುಳಿಗೆ ತಾಮ್ರ ಕರಗಿ ಇಳಿಯುತ್ತದೆ, ಕುಡಿದರೆ ವಾಂತಿಯಾಗುತ್ತದೆ. ಹಿಂದಿನವರು ತಾಮ್ರ ಹಿತ್ತಾಳೆಯ ಅಡುಗೆ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದದ್ದು ಇದೇ ಕಾರಣಕ್ಕೆ. ಬೇಸಗೆಯಲ್ಲಿ ಮಜ್ಜಿಗೆ ಒಯ್ಯುವ ಹುಡುಗನಿಗೆ ಒಂದು ಲೀಟರಿನ, ಒಂದೇ ಗೋಡೆಯ, ಕೈ ತೂರುವಷ್ಟು ಅಗಲ ಬಾಯಿಯ ಸ್ಟೀಲ್ ಬಾಟಲಿಯೇ ಸಾಕು.

ಮಂಡ್ಯದ ಕ್ಷೌರಿಕ

ಎರಡನೆಯ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಹೇಳುತ್ತೇನೆ. ತಂದೆಯ ಕಾಲದಿಂದ ನಮ್ಮದು ಇದೇ ಕಸುಬು. ಗುಂಗುರು ಕೂದಲಿನವರಿಗೆ ಹಲವು ಅಲಗುಗಳ ರೇಜರ್ ಒಗ್ಗುವುದು ಕಷ್ಟ. ಮೊದಲ ಅಲಗು ಕೂದಲನ್ನು ಎಳೆದು ಹಿಡಿಯುತ್ತದೆ, ಹಿಂದಿನ ಅಲಗುಗಳು ಇನ್ನೂ ಕೆಳಗೆ ಕತ್ತರಿಸುತ್ತವೆ, ಕತ್ತರಿಸಿದ ತುದಿ ಚರ್ಮದ ಮಟ್ಟದಿಂದ ಒಳಕ್ಕೆ ಹೋಗಿಬಿಡುತ್ತದೆ. ಮತ್ತೆ ಬೆಳೆಯುವಾಗ ಆ ಗುಂಗುರು ತುದಿ ಹೊರಗೆ ಬರಲು ದಾರಿ ಸಿಗದೆ ಚರ್ಮದೊಳಗೇ ಬಾಗುತ್ತದೆ, ಅಲ್ಲಿಯೇ ಗುಳ್ಳೆ ಏಳುತ್ತದೆ. ನಮ್ಮ ಅಂಗಡಿಯಲ್ಲಿ ಒಂದೇ ಅಲಗಿನಿಂದ ಕ್ಷೌರ ಮಾಡಿಸಿಕೊಂಡವರಿಗೆ ಈ ತೊಂದರೆ ಕಡಿಮೆ.

ಮನೆಯಲ್ಲಿ ಮಾಡಿಕೊಳ್ಳುವುದಾದರೆ ಎರಡು ಕಡೆ ಧಾರೆಯ ಬ್ಲೇಡ್ ಹಾಕುವ ಹಳೆಯ ರೀತಿಯ ಲೋಹದ ರೇಜರ್ ಕೊಳ್ಳಿ. ಹಿಡಿ ಒಮ್ಮೆ ಕೊಂಡರೆ ಮುಗಿಯಿತು, ಬ್ಲೇಡಿಗೆ ಕೆಲವೇ ರೂಪಾಯಿ. ಸ್ನಾನವಾದ ಮೇಲೆ, ಕೂದಲು ಮೆತ್ತಗಾಗಿರುವಾಗ ಕ್ಷೌರ ಮಾಡಿಕೊಳ್ಳಿ. ಮೊದಲು ಒಣಗಿದ ಕೆನ್ನೆ ಕುತ್ತಿಗೆಯ ಮೇಲೆ ಬೆರಳಾಡಿಸಿ ಕೂದಲು ಯಾವ ಕಡೆಗೆ ಮಲಗುತ್ತದೆ ಎಂದು ತಿಳಿದುಕೊಳ್ಳಿ. ಕೆನ್ನೆಯ ಮೇಲೆ ಅದು ಕೆಳಮುಖವಾಗಿರುತ್ತದೆ, ಆದರೆ ಕುತ್ತಿಗೆಯಲ್ಲಿ ಎಷ್ಟೋ ಜನರಿಗೆ ಅಡ್ಡಕ್ಕೆ ಅಥವಾ ಮೇಲ್ಮುಖವಾಗಿ ಬೆಳೆದಿರುತ್ತದೆ, ಅದನ್ನು ತಿಳಿಯದೆ ಎಲ್ಲ ಕಡೆ ಒಂದೇ ದಿಕ್ಕಿಗೆ ಎಳೆಯುವುದರಿಂದಲೇ ಅರ್ಧ ಗುಳ್ಳೆಗಳು ಬರುತ್ತವೆ. ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ, ಚರ್ಮವನ್ನು ಬಹಳ ಬಿಗಿಯಾಗಿ ಜಗ್ಗಬೇಡಿ, ಕೈಯಿಂದ ಒತ್ತಬೇಡಿ. ರೇಜರಿನ ತೂಕವೇ ಸಾಕು. ಬ್ಲೇಡ್ ಎಳೆಯುತ್ತಿದೆ ಎನಿಸಿದ ಕೂಡಲೇ ಬದಲಿಸಿ. ಕೊನೆಗೆ ತಣ್ಣೀರಿನಲ್ಲಿ ತೊಳೆದು ಪಟಿಕದ ಕಲ್ಲನ್ನು ಒದ್ದೆ ಮಾಡಿ ಸವರಿಕೊಳ್ಳಿ.

ಚಾರ್ಜರ್ ಪ್ರಿಯ

ದಿನವೂ ಬೆಳಗ್ಗೆ ಐದೂವರೆಗೆ ನೊರೆ, ಬ್ಲೇಡ್, ಪಟಿಕ ಎಂದು ಕೂರುವುದು ಯಾರಿಂದ ಸಾಧ್ಯ? ಒಂದು ಟ್ರಿಮ್ಮರ್ ಕೊಂಡುಕೊಳ್ಳಿ, ಎರಡು ನಿಮಿಷದಲ್ಲಿ ಮುಗಿಯುತ್ತದೆ, ಗುಳ್ಳೆಯೂ ಬರುವುದಿಲ್ಲ.

ಸುರಕ್ಷತಾ ವಿಭಾಗ

ದಯವಿಟ್ಟು ಈ ಸಲಹೆಯನ್ನು ಪಾಲಿಸಬೇಡಿ. ನಾನು ಬೇರೊಂದು ಕಾರ್ಖಾನೆಯಲ್ಲಿ ಕಾರ್ಮಿಕರ ಸುರಕ್ಷತೆಯ ಕೆಲಸ ನೋಡಿಕೊಳ್ಳುತ್ತೇನೆ. ಮಾಸ್ಕಿನ ಅಂಚು ಚರ್ಮಕ್ಕೆ ಪೂರ್ತಿ ಅಂಟಿ ಕುಳಿತರೆ ಮಾತ್ರ ಗಾಳಿ ಫಿಲ್ಟರಿನ ಮೂಲಕ ಬರುತ್ತದೆ. ಅಂಚಿನ ಕೆಳಗೆ ಒಂದೆರಡು ದಿನದ ಮೊಳಕೆ ಗಡ್ಡವಿದ್ದರೂ ಆ ಕೂದಲುಗಳ ಸಂದಿನಿಂದ ಬಣ್ಣದ ಆವಿ ನೇರವಾಗಿ ಒಳಗೆ ನುಗ್ಗುತ್ತದೆ. ಟ್ರಿಮ್ಮರ್ ಕೂದಲನ್ನು ಗಿಡ್ಡ ಮಾಡುತ್ತದೆಯೇ ಹೊರತು ಚರ್ಮದ ಮಟ್ಟಕ್ಕೆ ಬೋಳಿಸುವುದಿಲ್ಲ, ಆದ್ದರಿಂದ ಈ ಕೆಲಸಕ್ಕೆ ಅದು ಸಾಲದು. ಬಣ್ಣದ ಕೆಲಸದಲ್ಲಿ ಬಳಸುವ ಕೆಲವು ರಾಸಾಯನಿಕಗಳು, ಅದರಲ್ಲೂ ಐಸೊಸಯನೇಟ್ ಇರುವ ಬಣ್ಣಗಳು, ಒಮ್ಮೆ ಒಗ್ಗದೆ ಹೋದರೆ ಮುಂದೆ ತುಸು ಸೋಕಿದರೂ ಉಬ್ಬಸ ತರಿಸುತ್ತವೆ. ನಿಯಮವಿರುವುದು ನಿಮ್ಮ ಶ್ವಾಸಕೋಶಕ್ಕಾಗಿ.

ಸೇರಿದ ದಿನವೇ ಮಾಸ್ಕ್ ನಿಮ್ಮ ಮುಖಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ ಮಾಡಿಸಿಕೊಡಿ ಎಂದು ಕೇಳಿ. ಗುಳ್ಳೆಗಳ ತೊಂದರೆ ತೀರಾ ಹೆಚ್ಚಾದರೆ ಚರ್ಮವೈದ್ಯರ ಚೀಟಿ ತಂದು ಮೇಲ್ವಿಚಾರಕರಿಗೆ ತೋರಿಸಿ; ತಲೆಯನ್ನೆಲ್ಲ ಮುಚ್ಚಿ ಒಳಗೆ ಶುದ್ಧ ಗಾಳಿ ಊದುವ ಸಡಿಲ ಮುಸುಕುಗಳೂ ಇವೆ, ಅವುಗಳಿಗೆ ಗಡ್ಡದ ಅಡ್ಡಿಯಿಲ್ಲ.

ಚಾರ್ಜರ್ ಪ್ರಿಯ

ಮಾಸ್ಕಿನ ವಿಚಾರ ಒಪ್ಪುತ್ತೇನೆ. ಆದರೆ ಟ್ರಿಮ್ಮರ್ ಬೇಡವಾದರೆ ವಿದ್ಯುತ್ ಶೇವರ್ ಇದೆಯಲ್ಲ? ಜಾಲರಿ ತಗಡಿನ ಶೇವರ್ ಸಾಕಷ್ಟು ಹತ್ತಿರಕ್ಕೆ ಬೋಳಿಸುತ್ತದೆ, ಅಲಗು ಚರ್ಮಕ್ಕೆ ತಾಗುವುದಿಲ್ಲವಾದ್ದರಿಂದ ಗುಂಗುರು ಕೂದಲಿನವರಿಗೂ ಒಗ್ಗುತ್ತದೆ.

ಸುರಕ್ಷತಾ ವಿಭಾಗ

ದಿನವೂ ತಪ್ಪದೆ ಬಳಸಿದರೆ ಜಾಲರಿಯ ಶೇವರ್ ನಡೆಯಬಹುದು. ಎರಡು ದಿನ ಬಿಟ್ಟು ಬಳಸಿದರೆ ಮಲಗಿದ ಕೂದಲನ್ನು ಅದು ಹಿಡಿಯುವುದಿಲ್ಲ. ಹೊಂದಿಕೆಯ ಪರೀಕ್ಷೆಯ ದಿನ ಯಾವುದರಿಂದ ಬೋಳಿಸಿಕೊಂಡಿರುತ್ತೀರೋ ಅದನ್ನೇ ಮುಂದುವರಿಸಿ.

ಮಂಡ್ಯದ ಕ್ಷೌರಿಕ

ಶೇವರ್ ಬೇಡವೆನ್ನುವುದಿಲ್ಲ, ಆದರೆ ಎರಡು ಸಾವಿರದಲ್ಲಿ ಡಬ್ಬಿ, ಬಾಟಲಿ ಎಲ್ಲ ಕೊಂಡು ಉಳಿದ ಹಣಕ್ಕೆ ಬರುವ ಶೇವರ್ ಎಂತಹದಿರುತ್ತದೆ ಎಂದು ಯೋಚಿಸಬೇಕು. ಜಾಲರಿ ಸವೆದರೆ ಬದಲಿ ಸಿಗುತ್ತದೆಯೇ ಎಂದು ವಿಚಾರಿಸದೆ ಅಗ್ಗದ್ದನ್ನು ಕೊಂಡವರು ಪೂರ್ತಿ ಯಂತ್ರವನ್ನೇ ಎಸೆಯುತ್ತಾರೆ.

ಹಳೆಯ ಕಬ್ಬಿಣ

ಒಂದೇ ಬ್ಲೇಡಿನ ರೇಜರ್ ಹಳೆಯ ಕಾಲದ್ದು ಎಂದು ಹುಡುಗರು ಹಿಂಜರಿಯುವ ಅಗತ್ಯವಿಲ್ಲ. ಜಿಲೆಟ್ ಅವರಿಗೆ ಅಮೆರಿಕದಲ್ಲಿ ಅದರ ಪೇಟೆಂಟ್ ದೊರೆತದ್ದು 1904ರಲ್ಲಿ, ಅವರದೇ ಕಂಪನಿ ಎರಡು ಅಲಗಿನದನ್ನು ತಂದದ್ದು 1971ರಲ್ಲಿ, ಮೂರು ಅಲಗಿನದು 1998ರಲ್ಲಿ, ಐದು ಅಲಗಿನದು 2006ರಲ್ಲಿ. ಎಂದರೆ ಸುಮಾರು ಎಪ್ಪತ್ತು ವರ್ಷ ಲೋಕದ ಅಷ್ಟೂ ಜನ ಒಂದೇ ಅಲಗಿನಿಂದ ನುಣ್ಣಗೆ ಬೋಳಿಸಿಕೊಂಡು ಕೆಲಸಕ್ಕೆ ಹೋಗಿದ್ದಾರೆ. ಹೊಸ ಹಿಡಿಗೆ ಅದೇ ಕಂಪನಿಯ, ಅದೇ ಮಾದರಿಯ ಕಾರ್ಟ್ರಿಜ್ ಬೇಕು. ಹಳೆಯ ಹಿಡಿಗೆ ಯಾವ ಹಳ್ಳಿಯ ಅಂಗಡಿಯ ಬ್ಲೇಡ್ ಆದರೂ ಕೂರುತ್ತದೆ. ದಿನವೂ ಬೇಕಾಗುವ ವಸ್ತುವಿನಲ್ಲಿ ನನಗೆ ಇದೇ ದೊಡ್ಡ ಗುಣವೆನಿಸುತ್ತದೆ.

ಕೋಲಾರದ ಬೋರ್‌ವೆಲ್

ಬ್ಲೇಡ್ ಯಾವುದಾದರೂ ಇರಲಿ, ಗಡಸು ನೀರಿನಲ್ಲಿ ಸೋಪು ನೊರೆಯನ್ನೇ ಕೊಡುವುದಿಲ್ಲ. ಕೊಳವೆಬಾವಿಯ ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗಿ ಕೂರುತ್ತದೆ, ನೊರೆ ತೆಳುವಾದರೆ ಬ್ಲೇಡ್ ಚರ್ಮವನ್ನು ಗೀಚುತ್ತದೆ. ನಾನು ಕ್ಷೌರಕ್ಕೆ ಮಾತ್ರ ಒಂದು ಲೋಟ ಫಿಲ್ಟರ್ ನೀರನ್ನು ಬಿಸಿ ಮಾಡಿ ಇಟ್ಟುಕೊಳ್ಳುತ್ತೇನೆ. ಬ್ಲೇಡನ್ನೂ ಅದರಲ್ಲೇ ಜಾಲಿಸಿ, ಕೊಡವಿ ಒಣಗಲು ಇಟ್ಟರೆ ಅದರ ಮೇಲೆ ಬಿಳಿ ಪದರ ಕಟ್ಟುವುದಿಲ್ಲ.

ಶಿರಸಿಯವಳು

ಹೆಂಗಸರಿಗೆಂದು ಗುಲಾಬಿ ಬಣ್ಣದ ಹಿಡಿ ಹಾಕಿ ಹೆಚ್ಚು ಬೆಲೆಗೆ ಮಾರುವ ರೇಜರಿನ ಅಲಗಿಗೂ ಗಂಡಸರ ರೇಜರಿನ ಅಲಗಿಗೂ ನನಗೆ ಯಾವ ವ್ಯತ್ಯಾಸವೂ ಕಂಡಿಲ್ಲ. ಕಾಲಿಗೆ, ಕಂಕುಳಿಗೆ ನಾನು ಬಳಸುವುದು ಇಲ್ಲಿ ಹೇಳಿದಂತಹ ಲೋಹದ ರೇಜರನ್ನೇ. ಒಬ್ಬರ ರೇಜರನ್ನು ಇನ್ನೊಬ್ಬರು ಬಳಸಬಾರದು ಎಂಬುದನ್ನು ಮಾತ್ರ ಮನೆಯ ಎಲ್ಲರಿಗೂ ಕಟ್ಟುನಿಟ್ಟಾಗಿ ಹೇಳಬೇಕು, ಏಕೆಂದರೆ ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡುತ್ತದೆ.

ಮಂಡ್ಯದ ಕ್ಷೌರಿಕ

ನೂರಕ್ಕೆ ನೂರು ನಿಜ ಅಕ್ಕಾ. ಕ್ಷೌರದಂಗಡಿಗೆ ಹೋದಾಗಲೂ ನಿಮ್ಮ ಕಣ್ಣೆದುರೇ ಹೊಸ ಬ್ಲೇಡನ್ನು ಮುರಿದು ಹಾಕಿಸಿಕೊಳ್ಳಿ. ಕೇಳಿದರೆ ಒಳ್ಳೆಯ ಕಸುಬುದಾರ ಬೇಸರ ಪಡುವುದಿಲ್ಲ.

ಮಗನ ಪ್ರಶ್ನೆ

ವಿಷಯ ಸ್ವಲ್ಪ ಬೇರೆಯಾದರೂ ಕೇಳುತ್ತೇನೆ. ನಮ್ಮ ತಂದೆಯವರು ಹೃದಯದ ತೊಂದರೆಗೆ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ, ಕೈಯೂ ನಡುಗುತ್ತದೆ, ಆದರೂ ಬ್ಲೇಡಿನಿಂದಲೇ ಕ್ಷೌರ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿಯುತ್ತಾರೆ. ಅವರಿಗೆ ಯಾವುದು ಸರಿ?

ಚಾರ್ಜರ್ ಪ್ರಿಯ

ಅವರಿಗೆ ವಿದ್ಯುತ್ ಶೇವರ್ ಒಂದೇ ದಾರಿ. ಆ ಮಾತ್ರೆ ತೆಗೆದುಕೊಳ್ಳುವವರು ಬ್ಲೇಡ್ ಬಿಡಬೇಕೆಂದು ವೈದ್ಯರೇ ಹೇಳುತ್ತಾರೆ. ಹಿಡಿ ದಪ್ಪಗಿರುವ, ಗುಂಡಿ ದೊಡ್ಡದಿರುವ ಶೇವರ್ ಕೊಡಿಸಿ, ಮೊದಲ ಕೆಲವು ದಿನ ನೀವೇ ಪಕ್ಕದಲ್ಲಿ ಕುಳಿತು ಮಾಡಿ. ನಮ್ಮ ದೊಡ್ಡಪ್ಪನವರೂ ಹೀಗೆಯೇ ಹಟ ಹಿಡಿದಿದ್ದರು, ಈಗ ರೇಡಿಯೊ ಕೇಳುತ್ತ ತಾವೇ ಮಾಡಿಕೊಳ್ಳುತ್ತಾರೆ.

ದುಬೈ ಕನ್ನಡಿಗ

ವಿಮಾನದಲ್ಲಿ ಓಡಾಡುವವರು ಗಮನಿಸಿ, ಬಿಡಿ ಬ್ಲೇಡುಗಳನ್ನೂ ಬ್ಲೇಡ್ ಹಾಕಿದ ಹಳೆಯ ರೀತಿಯ ರೇಜರನ್ನೂ ಕೈಚೀಲದಲ್ಲಿ ಬಿಡುವುದಿಲ್ಲ, ಅವನ್ನು ಒಪ್ಪಿಸುವ ಪೆಟ್ಟಿಗೆಯಲ್ಲಿಡಿ. ಬ್ಯಾಟರಿಯ ಶೇವರ್ ಕೈಚೀಲದಲ್ಲಿ ಇರಬಹುದು.

ಕಸ ವಿಂಗಡಣೆ

ಇಷ್ಟೊಂದು ಜನ ಬ್ಲೇಡ್ ಕೊಳ್ಳಿ ಎಂದಿರಿ, ಹಳೆಯ ಬ್ಲೇಡನ್ನು ಏನು ಮಾಡಬೇಕೆಂದು ಒಬ್ಬರೂ ಬರೆಯಲಿಲ್ಲ. ಹಸಿ ಕಸದ ಜೊತೆ ಎಸೆದ ಬ್ಲೇಡ್ ಪೌರಕಾರ್ಮಿಕರ ಕೈ ಸೀಳುತ್ತದೆ. ನಮ್ಮ ಬೀದಿಯಲ್ಲಿ ಕಸ ತೆಗೆದುಕೊಳ್ಳುವ ಅಕ್ಕನ ಹೆಬ್ಬೆರಳಿನ ಬುಡದಲ್ಲಿ ಆ ಗಾಯದ ಗುರುತು ಇದೆ. ಮುಚ್ಚಳ ಬಿಗಿಯಾಗಿರುವ ಒಂದು ಹಳೆಯ ತಗಡಿನ ಡಬ್ಬಿಗೆ ಚಾಕುವಿನಿಂದ ಸಣ್ಣ ಸೀಳು ಮಾಡಿ, ಬಳಸಿದ ಬ್ಲೇಡುಗಳನ್ನು ಅದರೊಳಗೆ ಹಾಕುತ್ತ ಹೋಗಿ. ಅದು ತುಂಬಲು ವರ್ಷಗಳೇ ಬೇಕಾಗುತ್ತವೆ. ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದು, ಬಾಯಿಂದಲೂ ಹೇಳಿ ಪ್ರತ್ಯೇಕವಾಗಿ ಕೊಡಿ. ಕೆಟ್ಟ ಶೇವರ್ ಆದರೆ ಒಳಗೆ ಬ್ಯಾಟರಿ ಇರುವುದರಿಂದ ಅದು ಇ-ತ್ಯಾಜ್ಯಕ್ಕೇ ಹೋಗಬೇಕು.

ಹೊಳೆನರಸೀಪುರದ ಹುಡುಗ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಈ ಉತ್ತರಗಳನ್ನೆಲ್ಲ ಅಕ್ಕನಿಗೆ ಓದಿ ಹೇಳಿದೆ. ದಿನವೂ ಕುದಿಯುವ ನೀರು ಹಾಕಿ ಡಬ್ಬಿ ಬಿಸಿ ಮಾಡುವುದು ತನ್ನಿಂದಾಗದು, ಸಾರಿನ ಫ್ಲಾಸ್ಕ್ ಒಂದಕ್ಕಾದರೆ ಮಾಡಬಹುದು ಎಂದಳು. ಆದ್ದರಿಂದ ಅನ್ನಕ್ಕೂ ಪಲ್ಯಕ್ಕೂ ರಬ್ಬರ್ ಮುಚ್ಚಳದ ಎರಡು ಚಪ್ಪಟೆ ಸ್ಟೀಲ್ ಡಬ್ಬಿ, ಸಾರಿಗೆ ಸಣ್ಣ ಫ್ಲಾಸ್ಕ್, ಒಂದು ಲೀಟರ್ ಬಾಟಲಿ, ಲೋಹದ ರೇಜರ್ ಎಂದು ನಿರ್ಧರಿಸಿದ್ದೇನೆ. ಭಾನುವಾರ ಚಿಕ್ಕಪೇಟೆಗೆ ಹೋಗಿ ನೀರು ತುಂಬಿಸಿ, ಮಲಗಿಸಿ ನೋಡಿಯೇ ಕೊಳ್ಳುತ್ತೇನೆ. ಕೆಲಸಕ್ಕೆ ಸೇರುವ ಮೊದಲು ಹೊಸ ರೇಜರಿನಿಂದ ಕೆಲವು ದಿನ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದೇ ಎಂಬುದನ್ನೂ, ಮುಚ್ಚಳದ ರಬ್ಬರ್ ಹಿಗ್ಗಿ ಹೋದರೆ ಏನು ಮಾಡಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಮಂಡ್ಯದ ಕ್ಷೌರಿಕ

ಈಗಿನಿಂದಲೇ ಶುರು ಮಾಡಿ. ಆದರೆ ಈಗ ಎದ್ದಿರುವ ಗುಳ್ಳೆಗಳು ಆರುವವರೆಗೆ ಗಡ್ಡ ಬಿಡಿ, ಅವುಗಳ ಮೇಲೆ ಬ್ಲೇಡ್ ಆಡಿಸಬೇಡಿ. ಆರಿದ ಮೇಲೆ ಮೊದಲು ಕೆನ್ನೆ ಮಾತ್ರ ರೇಜರಿನಿಂದ ಮಾಡಿ, ಕೈ ಪಳಗಿದ ಮೇಲೆ ಕುತ್ತಿಗೆಗೆ ಬನ್ನಿ.

ಪೇಟೆಬೀದಿ ಪಾತ್ರೆ ಅಂಗಡಿ

ರಬ್ಬರ್ ಬೇಗ ಹಾಳಾಗುವುದು ಅದನ್ನು ತೆಗೆಯದೆ ತೊಳೆಯುವುದರಿಂದ. ಅದರ ಕೆಳಗಿನ ಕಾಲುವೆಯಲ್ಲಿ ಸಾರಿನ ಎಣ್ಣೆ ಕುಳಿತು ಕಪ್ಪು ಬೂಸು ಕಟ್ಟುತ್ತದೆ. ರಾತ್ರಿ ಚಮಚದ ಹಿಡಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದು, ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಬೆಳಗ್ಗೆ ಹಾಕಿ. ವಾಸನೆ ಹಿಡಿದಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಡಿ. ಕೊಳ್ಳುವಾಗಲೇ ಅದೇ ಅಳತೆಯ ಒಂದೆರಡು ಹೆಚ್ಚುವರಿ ರಬ್ಬರ್ ಕೇಳಿ ತೆಗೆದುಕೊಳ್ಳಿ, ಆಮೇಲೆ ಆ ಮಾದರಿ ನಿಂತುಹೋದರೆ ಸಿಗುವುದಿಲ್ಲ. ರಬ್ಬರ್ ಬಿಡಿಯಾಗಿ ಇಲ್ಲವೆಂದು ಅಂಗಡಿಯವರು ಹೇಳಿದರೆ ಆ ಡಬ್ಬಿಯನ್ನು ಬಿಟ್ಟು ಇನ್ನೊಂದನ್ನು ನೋಡಿ. ಹಾಗೆಯೇ ಅಲ್ಲಿಯೇ ಡಬ್ಬಿಯ ತಳಕ್ಕೂ ಮುಚ್ಚಳಕ್ಕೂ ಹೆಸರು ಕೆತ್ತಿಸಿಕೊಳ್ಳಿ, ಕಾರ್ಖಾನೆಯ ತೊಟ್ಟಿಯ ಹತ್ತಿರ ಎಲ್ಲರ ಡಬ್ಬಿಯೂ ಒಂದೇ ರೀತಿ ಕಾಣುತ್ತದೆ.